ಮೂವರು ಪೇದೆಗಳ ರಸ್ತೆ

ನನ್ನಲ್ಲಿ ಒಂದು ದೌರ್ಬಲ್ಯವಿದೆ. ಯಾರು ಏನು ಹೇಳಿದರೂ ಅವರು ಹೇಳಿದ್ದೇ ಸರಿ ಎನಿಸಿಬಿಡುತ್ತದೆ. ಆಮೇಲೆ ಬಂದವರು ಅದಕ್ಕೆ ತದ್ವಿರುದ್ಧ ಹೇಳಿದರೆ ಅದೂ ಸರಿ ಎನಿಸುತ್ತದೆ. ಮನೆಯಲ್ಲಿ ಇದಕ್ಕೆ ಒಳ್ಳೆಯ ಹೆಸರಿಲ್ಲ. ಆದರೆ ಸರ್ಕಾರಿ ಕಚೇರಿಯ ಗುಮಾಸ್ತನಾದವನಿಗೆ ಇಂಥ ಸ್ವಭಾವ ಅಷ್ಟೇನೂ ನಷ್ಟವಲ್ಲ. ‘ಒಂದು ದೃಷ್ಟಿಯಿಂದ ನೋಡಿದರೆ’ ಎಂದು ಶುರುಮಾಡಿ, ‘ಇನ್ನೊಂದು ದೃಷ್ಟಿಯಿಂದ ನೋಡಿದರೆ’ ಎಂದು ಮುಂದುವರಿಸಿ, ‘ಮೇಲಧಿಕಾರಿಗಳ ಅವಗಾಹನೆಗೆ’ ಎಂದು ಮುಗಿಸಿದರೆ ಎಂಥ ಫೈಲಾದರೂ ನನ್ನ ಮೇಜಿನಿಂದ ಕ್ಷೇಮವಾಗಿ ಹೊರಟುಹೋಗುತ್ತದೆ. ಹೀಗೆಯೇ ಹದಿನೈದು ವರ್ಷ ಯಾರ ಕಣ್ಣಿಗೂ ಬೀಳದೆ ನೌಕರಿ ಮಾಡಿಕೊಂಡು ಬಂದವನು, ಒಮ್ಮೆ ಮಾತ್ರ ಸಿಕ್ಕಿಬಿದ್ದೆ. ಅದೂ ನನ್ನ ಮನೆಯ ಕಿಟಕಿಯ ಕೆಳಗೇ.

ಕೊಡಗು ಮೈಸೂರಿನೊಂದಿಗೆ ಸೇರಿದ ಹೊಸದು. ಅದಕ್ಕೆ ಮೊದಲು ನಮ್ಮ ಸರ್ಕಾರ ಮಡಿಕೇರಿಯಲ್ಲೇ ಇತ್ತು. ದೊಡ್ಡವರಿಗೆ ಏನಾದರೂ ಹೇಳಬೇಕಾದರೆ ಸಂತೆಯ ದಿನ ಪೇಟೆಯಲ್ಲಿ ಸಿಕ್ಕಾಗ ಹೇಳಿದರೆ ಸಾಕಾಗುತ್ತಿತ್ತು. ಈಗ ಎಲ್ಲವೂ ಬೆಂಗಳೂರಿಗೆ ಹೋಗಿ ಬರಬೇಕು. ಹೋದ ಕಾಗದ ಬರುವಷ್ಟರಲ್ಲಿ ಬರೆದವನಿಗೇ ಏನು ಬರೆದೆನೆಂದು ಮರೆತಿರುತ್ತದೆ. ಅಂಥ ದಿನಗಳಲ್ಲಿ ಒಂದು ಬೆಳಿಗ್ಗೆ ನಮ್ಮ ಶಿರಸ್ತೇದಾರರು ನನ್ನನ್ನು ಕರೆದು, ಕೈಗೆ ಒಂದು ಆದೇಶವನ್ನೂ ಒಂದು ನಕ್ಷೆಯನ್ನೂ ಕೊಟ್ಟರು.

“ಪೂವಯ್ಯನವರೇ, ಪೇಟೆ ರಸ್ತೆ ವಿಷಯ. ನಿಮ್ಮ ಮನೆ ಅಲ್ಲೇ ಅಲ್ವಾ?”

ಹೌದು ಎಂದೆ. ಅಷ್ಟೇ ನನ್ನ ಅರ್ಹತೆ.

ನಮ್ಮ ಪೇಟೆ ರಸ್ತೆ ಕೆಳಗೆ ಬಸ್ಸು ನಿಲ್ಲುವ ಬಯಲಿನಿಂದ ಹೊರಟು, ಏದುಸಿರು ಬಿಡುತ್ತ ಗುಡ್ಡ ಹತ್ತಿ, ಮೇಲೆ ಆಸ್ಪತ್ರೆಯ ಹತ್ತಿರ ಮುಗಿಯುತ್ತದೆ. ಎರಡು ಬಸ್ಸು ಎದುರುಬದುರಾದರೆ ಎರಡೂ ಕಡೆಯ ಅಂಗಡಿಯವರು ತಮ್ಮ ಮೂಟೆಗಳನ್ನು ಒಳಗೆ ಎಳೆದುಕೊಳ್ಳಬೇಕು, ಅಷ್ಟು ಅಗಲ. ಈ ರಸ್ತೆಗೆ ಮೂವರು ಪೇದೆಗಳು. ಒಬ್ಬ ಕೆಳಗೆ ಬಯಲಿನಲ್ಲಿ, ಒಬ್ಬ ನಡುವಿನ ತಿರುವಿನಲ್ಲಿ, ಒಬ್ಬ ಮೇಲೆ ಆಸ್ಪತ್ರೆಯ ಬಳಿ. ಮೂವರೂ ಒಳ್ಳೆಯ ಕೆಲಸಗಾರರು. ತೊಂದರೆಯೆಂದರೆ ಒಬ್ಬನಿಗೆ ಇನ್ನೊಬ್ಬ ಕಾಣಿಸುತ್ತಿರಲಿಲ್ಲ. ಒಂದೇ ಸಾರಿನ ಪಾತ್ರೆಗೆ ಮೂವರು ಬೇರೆ ಬೇರೆ ಹೊತ್ತಿನಲ್ಲಿ ಬಂದು ಉಪ್ಪು ಹಾಕಿಹೋದ ಹಾಗೆ, ಕೆಳಗಿನವನು ಮಾದಾಪುರದಿಂದ ಬಂದ ಬಸ್ಸನ್ನು ಮೇಲಕ್ಕೆ ಬಿಡುತ್ತಿದ್ದ, ಅದೇ ಹೊತ್ತಿಗೆ ಮೇಲಿನವನು ಕಾಫಿ ಲಾರಿಯನ್ನು ಕೆಳಕ್ಕೆ ಬಿಡುತ್ತಿದ್ದ. ಎರಡೂ ತಿರುವಿನಲ್ಲಿ ಮೂತಿಗೆ ಮೂತಿ ಕೊಟ್ಟು ನಿಲ್ಲುತ್ತಿದ್ದವು. ನಡುವಿನವನು ಸೀಟಿ ಊದುತ್ತಿದ್ದ. ಏರಿನಲ್ಲಿ ನಿಂತ ಬಸ್ಸು ಹಿಂದಕ್ಕೆ ಜಾರಬಾರದೆಂದು ಚಾಲಕ ಎಂಜಿನ್ ಗುರುಗುಟ್ಟಿಸುತ್ತಲೇ ಇರುತ್ತಿದ್ದ. ಅದರ ಕಪ್ಪು ಹೊಗೆ ನೇರವಾಗಿ ತಿರುವಿನಲ್ಲೇ ಇದ್ದ ನಮ್ಮ ಮನೆಯ ಕಿಟಕಿಯೊಳಗೆ ಬರುತ್ತಿತ್ತು.

ಆ ಕಿಟಕಿಯಲ್ಲಿ ನನ್ನ ಅತ್ತೆ ಕೂತಿರುತ್ತಿದ್ದರು. ನನ್ನ ಹೆಂಡತಿ ದೇವಕಿ ಅವರಿಗೆ ಒಬ್ಬಳೇ ಮಗಳು. ಹಾಗಾಗಿ ಅವರು ನಮ್ಮೊಂದಿಗೇ ಇದ್ದರು. ಅವರಿಗೆ ಉಬ್ಬಸ. ಕಿಟಕಿ ಮುಚ್ಚಿಡಿ ಎಂದು ಡಾಕ್ಟರು ಹೇಳಿ ವರ್ಷವಾಗಿತ್ತು. ಆದರೆ ತಿರುವಿನಲ್ಲಿ ಬಸ್ಸು ನಿಂತಿತೆಂದರೆ ಅತ್ತೆಯ ಮುಖವೂ ಬಸ್ಸಿನೊಳಗೆ ಕೂತವರ ಮುಖವೂ ಒಂದೇ ಎತ್ತರಕ್ಕೆ ಬರುತ್ತಿದ್ದವು. ಹುದಿಕೇರಿಯಲ್ಲಿ ಯಾರ ಮನೆಯಲ್ಲಿ ಮದುವೆ, ಪೊನ್ನಂಪೇಟೆಯಲ್ಲಿ ಯಾರ ಹಸು ಕರು ಹಾಕಿತು, ಮಾದಾಪುರದ ಯಾವ ಎಸ್ಟೇಟಿಗೆ ಲೆಕ್ಕ ಬರೆಯುವ ಹೊಸ ರೈಟರ್ ಬಂದ, ಎಲ್ಲವನ್ನೂ ಅವರು ಕಿಟಕಿಯ ಸರಳು ಹಿಡಿದು ಕೇಳಿಕೊಳ್ಳುತ್ತಿದ್ದರು. ಕೇಳುತ್ತ ಕೆಮ್ಮುತ್ತಿದ್ದರು. ಕೆಮ್ಮುತ್ತ ಮುಂದಿನ ಪ್ರಶ್ನೆ ಕೇಳುತ್ತಿದ್ದರು. ದೇವಕಿ ಕಿಟಕಿ ಮುಚ್ಚುವುದು, ಅತ್ತೆ ತೆರೆಯುವುದು, ಸಂಜೆ ನಾನು ಬಂದಾಗ ಇಬ್ಬರೂ ನನ್ನನ್ನು ನ್ಯಾಯ ಕೇಳುವುದು, ನಾನು ಇಬ್ಬರದೂ ಸರಿ ಎನ್ನುವುದು, ಆಮೇಲೆ ಇಬ್ಬರೂ ಒಂದಾಗಿ ನನ್ನನ್ನು ಬೈಯುವುದು, ಇದು ನಮ್ಮ ಮನೆಯ ದಿನಚರಿ.

ಆದೇಶದಲ್ಲಿದ್ದ ಸಂಗತಿ ಇಷ್ಟು. ಮೂವರು ಪೇದೆಗಳಿಗೂ ಉದ್ದ ಕೋಲಿಗೆ ಸಿಕ್ಕಿಸಿದ ಒಂದೊಂದು ಹಲಗೆ ಕೊಡಲಾಗುವುದು. ಒಂದು ಮುಖಕ್ಕೆ ಕೆಂಪು ಬಣ್ಣ, ಇನ್ನೊಂದಕ್ಕೆ ಹಸಿರು. ಮೂವರೂ ಒಬ್ಬರನ್ನೊಬ್ಬರು ನೋಡಿಕೊಂಡು ಹೊಂದಾಣಿಕೆಯಿಂದ ಹಲಗೆ ತಿರುಗಿಸತಕ್ಕದ್ದು. ಒಂದು ವಾರ ಪ್ರಯೋಗ ಮಾಡಿ, ಅದರಿಂದ ‘ರಸ್ತೆಯ ಬದಿಯ ನಿವಾಸಿಗಳು, ಮರಗಿಡಗಳು, ಗಾಳಿ ಮತ್ತು ಸದ್ದು ಇವುಗಳ ಮೇಲೆ ಆಗುವ ಪರಿಣಾಮವನ್ನು ಖುದ್ದಾಗಿ ವಿಚಾರಿಸಿ’ ವರದಿ ಸಲ್ಲಿಸಬೇಕು. ನಕ್ಷೆಯಲ್ಲಿ ನಮ್ಮ ತಿರುವಿನ ಪಕ್ಕ ಒಂದು ದುಂಡನೆಯ ಗುರುತು ಹಾಕಿ, ‘ಹಲಸಿನ ಮರ: ನೋಟಕ್ಕೆ ಅಡ್ಡಿ, ತೆಗೆಯತಕ್ಕದ್ದು’ ಎಂದು ಬರೆದಿತ್ತು.

ಸದ್ದನ್ನು ವಿಚಾರಿಸುವುದೇನೋ ಸುಲಭ, ಕಿವಿ ಇದೆ. ಗಾಳಿಯನ್ನು ವಿಚಾರಿಸುವುದು ಹೇಗೆ? ಶಿರಸ್ತೇದಾರರನ್ನು ಕೇಳಿದೆ. “ನೀವು ಅನುಭವಸ್ಥರು” ಎಂದು ಹೇಳಿ ಅವರು ನಶ್ಯದ ಡಬ್ಬಿ ತೆರೆದರು. ಕೊನೆಗೆ ನಾನೇ ಒಂದು ಉಪಾಯ ಮಾಡಿದೆ. ಒಗೆದ ಬಿಳಿ ಪಂಚೆಯೊಂದನ್ನು ಬೆಳಿಗ್ಗೆಯಿಂದ ಸಂಜೆಯವರೆಗೆ ಕಿಟಕಿಯ ಹೊರಗೆ ಕಟ್ಟಿ ನೇತುಹಾಕಿದೆ. ಸಂಜೆ ಬಿಚ್ಚಿದಾಗ ಅದು ಸೌದೆ ಒಲೆಯ ಹಿಂದಿನ ಗೋಡೆಯ ಬಣ್ಣಕ್ಕೆ ಬಂದಿತ್ತು. ನನಗೆ ವೈಜ್ಞಾನಿಕ ಸಂತೋಷವಾಯಿತು. ಅದು ನಮ್ಮ ಮದುವೆಯ ಪಂಚೆ ಎಂದು ದೇವಕಿ ಹೇಳಿದ ಮೇಲೆ ಆ ಸಂತೋಷ ಕಡಿಮೆಯಾಯಿತು. ಅತ್ತೆ ಮಾತ್ರ ಆ ಪಂಚೆಯ ಮೇಲೆ ಬೆರಳಾಡಿಸಿ, ಕಪ್ಪಾದ ಬೆರಳನ್ನು ನೋಡಿಕೊಂಡರು. ಆಮೇಲೆ, “ಇಷ್ಟೂ ನನ್ನೊಳಗೆ ಹೋಗ್ತಾ ಉಂಟಾ?” ಎಂದು ಮೆಲ್ಲಗೆ ಕೇಳಿದರು. ಹಾಸ್ಯಕ್ಕೆಂದು ಏನೋ ಹೇಳಹೊರಟವನು ಪಂಚೆಯನ್ನು ಸುತ್ತಿ ಎತ್ತಿಟ್ಟೆ.

ಮರುದಿನ ಅವರನ್ನೇ ಮೊದಲನೆಯ ಸಾಕ್ಷಿಯಾಗಿ ವಿಚಾರಿಸಿದೆ. ಗಾಡಿಗಳು ನಿಲ್ಲದೆ ಹೋದರೆ ಹೊಗೆ ಕಡಿಮೆಯಾಗುತ್ತದೆ, ಆದರೆ ಕಿಟಕಿಯ ಕೆಳಗೆ ಬಸ್ಸೂ ನಿಲ್ಲುವುದಿಲ್ಲ, ಏನು ಹೇಳುತ್ತೀರಿ ಎಂದೆ.

“ನಂಗೆ ಉಸ್ರೂ ಬೇಕು, ಸುದ್ದೀನೂ ಬೇಕು. ಹಾಗೆ ಬರ್ಕೊಳ್ಳಿ.”

“ಎರಡೂ ಬರೆಯೋಕೆ ಆಗೋದಿಲ್ಲ ಅತ್ತೆ.”

“ದಿನಾ ಎರಡೂ ಸರಿ ಅಂತ ಹೇಳ್ತೀರಲ್ಲ, ಇವತ್ತೆಂಥ ಕಷ್ಟ?”

ಎರಡನ್ನೂ ಬರೆದುಕೊಂಡೆ.

ಎರಡನೆಯ ಸಾಕ್ಷಿ ಕದೀಜುಮ್ಮ. ನಮ್ಮ ಕಿಟಕಿಯ ಕೆಳಗೆ ಗೋಡೆಗೊರಗಿ ಕೂತು ಕಿತ್ತಳೆ ಮಾರುವ ವಿಧವೆ. ಬಸ್ಸು ನಿಂತೊಡನೆ ಬುಟ್ಟಿಯೆತ್ತಿ ಕಿಟಕಿಯಿಂದ ಕಿಟಕಿಗೆ ಹೋಗುತ್ತಿದ್ದಳು. ಅತ್ತೆಗೂ ಅವಳಿಗೂ ಹಳೆಯ ಸ್ನೇಹ. ಮೇಲಿನಿಂದ ಇವರು ಬಿಸಿನೀರು ಕೊಟ್ಟರೆ ಕೆಳಗಿನಿಂದ ಅವಳು ಹಣ್ಣು ಕೊಡುವುದು. ನನ್ನ ಕೈಯ ಕಾಗದ ನೋಡಿ ಅವಳು ಎದ್ದು ನಿಂತಳು.

“ಎಂದಾ ಮೋನೇ, ಏನು ಮಗಾ, ನನ್ನ ಏಳಿಸ್ತಾರಾ?”

“ಏಳಿಸೋದಲ್ಲ ಕದೀಜುಮ್ಮ. ಬಸ್ಸು ಇಲ್ಲಿ ನಿಲ್ಲೋದಿಲ್ಲ, ಅಷ್ಟೆ.”

“ಅದೇ ಅಲ್ವಾ ಏಳಿಸೋದು?” ಎಂದಳು. ದನಿಯಲ್ಲಿ ಜಗಳವಿರಲಿಲ್ಲ. “ಬಸ್ಸು ಸಿಕ್ಕಿಬಿದ್ರೆ ನಂಗೆ ಅನ್ನ. ಆದ್ರೆ ಮೇಲೆ ಅಮ್ಮ ಕೆಮ್ಮೋದು ಕೇಳಿದ್ರೆ ಆ ಅನ್ನ ಇಳಿಯಲ್ಲ. ನೀವೇ ನೋಡಿ ಬರೀರಿ.”

ಮೂರನೆಯ ಸಾಕ್ಷಿಯೆಂದರೆ ನನಗೆ ಹೆದರಿಕೆ. ಹಲಸಿನ ಮರದ ಯಜಮಾನರು ಹವಾಲ್ದಾರ್ ಮುದ್ದಪ್ಪ. ಸೈನ್ಯದಿಂದ ನಿವೃತ್ತರಾಗಿ ಬಂದು, ತಿರುವಿನ ಮೇಲಿನ ದಿಬ್ಬದ ಮನೆಯಲ್ಲಿ ಇದ್ದವರು. ಮೀಸೆಯನ್ನೂ ಮೆಟ್ಟಿಲುಗಳನ್ನೂ ದಿನವೂ ಒಪ್ಪವಾಗಿಡುತ್ತಿದ್ದರು. ನಾನು ನಕ್ಷೆ ಬಿಡಿಸಿ ದುಂಡನೆಯ ಗುರುತು ತೋರಿಸಿದೆ. ಅವರು ಕನ್ನಡಕ ಹಾಕಿಕೊಂಡು ನೋಡಿದರು. ತೆಗೆದು ನೋಡಿದರು.

“ಇದು ನನ್ನ ತಂದೆ ನೆಟ್ಟ ಮರ. ಯಾಕೆ ಕಡೀಬೇಕು?”

“ಪೇದೆಗಳಿಗೆ ಒಬ್ರಿಗೊಬ್ರು ಕಾಣೋದಿಲ್ಲ ಹವಾಲ್ದಾರ್ರೇ.”

“ಕಾಣದಿದ್ರೆ ಕಾಣೋ ಕಡೆ ಹೋಗಿ ನಿಲ್ಬೇಕು. ಮರಕ್ಕೆ ನಡೆಯೋಕೆ ಬರೋದಿಲ್ಲ, ಪೊಲೀಸಿಗೆ ಬರ್ತದೆ.” ಹೀಗೆಂದು ನನ್ನ ತೋಳು ಹಿಡಿದು ಅಂಗಳದ ಅಂಚಿಗೆ ಕರೆದುಕೊಂಡು ಹೋದರು. ದಿಬ್ಬದ ಮೂಲೆಯಲ್ಲಿ ಒಂದು ಚಪ್ಪಟೆ ಕಲ್ಲು. ಅದರ ಮೇಲೆ ನಿಂತರೆ ಬಲಕ್ಕೆ ಆಸ್ಪತ್ರೆಯ ಗೇಟು, ಎಡಕ್ಕೆ ಬಸ್ಸಿನ ಬಯಲು, ಎರಡೂ ಸ್ವಚ್ಛವಾಗಿ ಕಾಣುತ್ತಿದ್ದವು. ಹಲಸಿನ ಮರ ಬೆನ್ನ ಹಿಂದೆ ತಣ್ಣಗೆ ನಿಂತಿತ್ತು. ಅಷ್ಟರಲ್ಲಿ ಮುದ್ದಪ್ಪನವರು ಒಳಗೆ ಹೋಗಿ ಎರಡು ಬಾವುಟ ತಂದಿದ್ದರು. ಸೈನ್ಯದಲ್ಲಿ ಅವರದು ಸಿಗ್ನಲ್ ಕೆಲಸವಂತೆ. ಈ ಗುಡ್ಡದಿಂದ ಆ ಗುಡ್ಡಕ್ಕೆ ಬಾವುಟದಲ್ಲೇ ಮಾತಾಡುತ್ತಿದ್ದರಂತೆ. ಹತ್ತು ವರ್ಷ ನೆರೆಯಲ್ಲಿದ್ದೂ ನನಗೆ ಇದು ಗೊತ್ತಿರಲಿಲ್ಲ.

“ಆ ಒಂದು ವಾರ ನಾನು ನಿಲ್ತೇನೆ. ಮೂವರಿಗೂ ನಾನು ಹೇಳಿಕೊಡ್ತೇನೆ. ಮರ ಮುಟ್ಬೇಡಿ.”

ಶಿರಸ್ತೇದಾರರಿಗೆ ಹೇಳಿದಾಗ, ನಿವೃತ್ತ ಹವಾಲ್ದಾರರು ಕಲ್ಲಿನ ಮೇಲೆ ನಿಂತು ಬಾವುಟ ಬೀಸಬಹುದೆಂದು ಯಾವ ನಿಯಮದಲ್ಲೂ ಇಲ್ಲ ಎಂದರು. ಬೀಸಬಾರದೆಂದೂ ಇಲ್ಲ ಎಂದೆ. ಅವರು ಕಿಟಕಿಯ ಹೊರಗೆ ನೋಡುತ್ತ, “ನೀವು ಕೇಳಿಲ್ಲ, ನಾನು ಹೇಳಿಲ್ಲ” ಎಂದರು. ಅದು ನಮ್ಮ ಕಚೇರಿಯಲ್ಲಿ ಮಂಜೂರಾತಿ.

ಪ್ರಯೋಗದ ಮೊದಲ ದಿನ ಸೋಮವಾರ. ಕಾಫಿ ಕುಯ್ಯುವ ಕಾಲ, ಲಾರಿಗಳು ಬೆಳಿಗ್ಗೆಯಿಂದಲೇ ಬರುತ್ತಿದ್ದವು. ಮುದ್ದಪ್ಪನವರು ಹಳೆಯ ಸೈನ್ಯದ ಕೋಟು ತೊಟ್ಟು ಕಲ್ಲಿನ ಮೇಲೆ ನಿಂತರು. ನಾನು ಕೆಳಗೆ ನಮ್ಮ ಜಗಲಿಯಲ್ಲಿ ಕಾಗದ ಪೆನ್ಸಿಲ್ ಹಿಡಿದು ಕೂತೆ. ಅವರು ಶುರುಮಾಡಿದರು. ಎರಡೂ ತೋಳು ಅತ್ತ ಚಾಚಿ, ಇತ್ತ ಮಡಚಿ, ಒಂದೊಂದು ಅಕ್ಷರವನ್ನೂ ಶಾಸ್ತ್ರೋಕ್ತವಾಗಿ ತೋರಿಸುತ್ತ, ‘ಲಾರಿಯನ್ನು ತಡೆ’ ಎಂಬ ಸಂದೇಶವನ್ನು ಇಂಗ್ಲಿಷಿನಲ್ಲಿ ಕಳಿಸತೊಡಗಿದರು. ಹಿಂದಿನ ಸಂಜೆ ಎಲ್ಲ ಹೇಳಿಕೊಟ್ಟಿದ್ದರು, ನಿಜ. ಆದರೆ ಸೈನ್ಯದಲ್ಲಿ ಆರು ತಿಂಗಳು ಕಲಿಯುವುದನ್ನು ನಮ್ಮ ಪೇದೆಗಳು ಒಂದು ಸಂಜೆಯಲ್ಲಿ ಎಷ್ಟು ಕಲಿತಾರು? ಮೇಲಿನವನು ಇದು ತನಗೆ ನಮಸ್ಕಾರವೆಂದು ತಿಳಿದು ಸಲ್ಯೂಟ್ ಹೊಡೆದ. ಕೆಳಗಿನವನು ‘ಬರಲಿ’ ಎಂದಿದ್ದಾರೆಂದುಕೊಂಡು ನಾಲ್ಕು ಬಸ್ಸುಗಳನ್ನು ಒಟ್ಟಿಗೇ ಬಿಟ್ಟ. ಮೇಲಿನಿಂದ ಮೂರು ಲಾರಿ ಬಂದವು. ನಡುವೆ ಸೌದೆ ತುಂಬಿದ ಒಂದು ಎತ್ತಿನ ಗಾಡಿ. ಹತ್ತು ನಿಮಿಷದೊಳಗೆ ನಮ್ಮ ತಿರುವಿನಲ್ಲಿ ಸೂಜಿ ಊರಲೂ ಜಾಗವಿರಲಿಲ್ಲ. ನಾನು ಆ ರಸ್ತೆಯಲ್ಲಿ ಅಷ್ಟು ಹೊಗೆಯನ್ನು ಹಿಂದೆಂದೂ ಕಂಡಿರಲಿಲ್ಲ.

ಒಳಗಿನಿಂದ ದೇವಕಿ ಕೂಗಿದಳು. ಅವಳು ಕೂಗುವವಳಲ್ಲ. ಓಡಿದೆ. ಅತ್ತೆ ಕಿಟಕಿಯ ಸರಳು ಹಿಡಿದುಕೊಂಡೇ ಬಗ್ಗಿದ್ದರು. ಉಸಿರು ಒಳಗೆ ಹೋಗುತ್ತಿರಲಿಲ್ಲ, ತುಟಿ ನೀಲಿಗಟ್ಟಿತ್ತು. ಕಣ್ಣು ಮಾತ್ರ ನನ್ನನ್ನು ನೋಡುತ್ತಿತ್ತು. ಆಸ್ಪತ್ರೆ ಇರುವುದು ಗುಡ್ಡದ ಮೇಲೆ. ಎತ್ತಿಕೊಂಡು ಹೋಗೋಣವೆಂದರೆ ಮನೆಯ ಬಾಗಿಲಿಗೆ ಒಂದು ಲಾರಿಯ ಚಕ್ರ ಒರಗಿ ನಿಂತಿತ್ತು. ಹದಿನೈದು ವರ್ಷ ಯಾವುದನ್ನೂ ನಿರ್ಧರಿಸದೆ ಬದುಕಿದ ನಾನು, ಬೇಲಿ ಹಾರಿ ದಿಬ್ಬ ಹತ್ತಿ ಮುದ್ದಪ್ಪನವರ ಎದುರು ನಿಂತು ಹೇಳಿದೆ: “ಅಕ್ಷರ ಬಿಡಿ ಹವಾಲ್ದಾರ್ರೇ. ಅತ್ತೆಗೆ ಉಸಿರಿಲ್ಲ. ಕೆಂಪು, ಹಸಿರು, ಎರಡೇ ತೋರಿಸಿ.”

ಅವರು ನನ್ನ ಮುಖ ನೋಡಿದರು. ಬಾವುಟಗಳನ್ನು ಕಂಕುಳಿಗೆ ಸಿಕ್ಕಿಸಿ, ದಿಬ್ಬದ ಬುಡದಲ್ಲೇ ನಿಂತಿದ್ದ ನಡುವಿನ ಪೇದೆಯ ಕೈಯ ಹಲಗೆಯನ್ನು ಕಲ್ಲಿನ ಮೇಲಿನಿಂದಲೇ ಎಳೆದುಕೊಂಡರು. ಮೇಲಕ್ಕೆ ಕೆಂಪು ತೋರಿಸಿ ಅಲುಗಾಡದೆ ನಿಂತರು. ಮೇಲಿನವನು ತಾನೂ ಕೆಂಪು ತೋರಿಸಿ ಲಾರಿಗಳನ್ನು ತಡೆದ. ನಡುವಿನವನು ಎತ್ತಿನ ಗಾಡಿಯನ್ನು ಹಲಸಿನ ಮರದ ಬುಡಕ್ಕೆ ಎಳೆಸಿದ. ಲಾರಿಗಳು ಒಂದೊಂದಾಗಿ ಅಂಗಡಿಗಳ ಕಡೆಗೆ ಸರಿದು ನಮ್ಮ ಬಾಗಿಲು ಬಿಟ್ಟವು. ಈ ನಡುವೆ ಕದೀಜುಮ್ಮ ಯಾರನ್ನೂ ಕೇಳದೆ ಮಾದಾಪುರದ ಬಸ್ಸಿನ ಮೆಟ್ಟಿಲು ಹತ್ತಿ, ಮುಂದಿನ ಸೀಟಿನವರನ್ನು ಎಬ್ಬಿಸಿ ಜಾಗ ಮಾಡಿದ್ದಳು. ನಾನೂ ದೇವಕಿಯೂ ಅತ್ತೆಯನ್ನು ಎತ್ತಿ ತಂದೆವು. ಬಸ್ಸು ಹೊರಟಿತು. ಏರಿನುದ್ದಕ್ಕೂ ಎದುರಿಗೆ ಒಂದು ಸೈಕಲ್ಲೂ ಬರಲಿಲ್ಲ. ಆ ರಸ್ತೆ ಅಷ್ಟು ಖಾಲಿಯಾಗಿರುವುದನ್ನು ನಾನು ಅಂದೇ ನೋಡಿದ್ದು.

ಆಸ್ಪತ್ರೆಯಲ್ಲಿ ಒಂದು ಸೂಜಿ ಹಾಕಿದ ಮೇಲೆ ಅತ್ತೆಯ ಎದೆ ಮೆಲ್ಲಮೆಲ್ಲಗೆ ಏರಿಳಿಯತೊಡಗಿತು. ನಾನು ಮಂಚದ ಬದಿಯಲ್ಲಿ ತಲೆತಗ್ಗಿಸಿ ಕೂತಿದ್ದೆ. ಪ್ರಯೋಗ ನಿಲ್ಲಿಸಿಬಿಡುತ್ತೇನೆ, ಆಗುವುದಿಲ್ಲವೆಂದು ಬರೆದು ಕಳಿಸುತ್ತೇನೆ ಎಂದೆ. ಅವರು ಸ್ವಲ್ಪ ಹೊತ್ತು ಉಸಿರು ಕೂಡಿಸಿಕೊಂಡರು.

“ಬರೋವಾಗ ರಸ್ತೆ ಖಾಲಿ ಇತ್ತಲ್ಲ.”

“ಇತ್ತು.”

“ಹಾಗಾದ್ರೆ ಆಗ್ತದೆ. ಹೇಳಿದ್ದು ಹೆಚ್ಚಾಯ್ತು, ಅಷ್ಟೆ. ಕಡಿಮೆ ಮಾಡಿ.”

ಮಂಗಳವಾರದಿಂದ ಎರಡೇ ಸಂಜ್ಞೆ. ಕಲ್ಲಿನ ಮೇಲೆ ಮುದ್ದಪ್ಪನವರು ಹಲಗೆ ತಿರುಗಿಸಿದಂತೆ ಮೇಲಿನವನೂ ಕೆಳಗಿನವನೂ ತಿರುಗಿಸುವುದು. ಒಮ್ಮೆ ಹತ್ತುವ ಗಾಡಿಗಳು, ಒಮ್ಮೆ ಇಳಿಯುವ ಗಾಡಿಗಳು. ಕಾಯಬೇಕಾದವು ಕೆಳಗೆ ಸಮತಟ್ಟಾದ ಬಯಲಿನಲ್ಲಿ ಅಥವಾ ಮೇಲೆ ಆಸ್ಪತ್ರೆಯಿಂದ ಆಚೆ, ಎಂಜಿನ್ ಆರಿಸಿ ಕಾಯಬೇಕು. ಬುಧವಾರ ಒಬ್ಬ ಲಾರಿ ಚಾಲಕ ತಕರಾರು ಮಾಡಿದ. ಗುರುವಾರ ಅವನೇ ಬೇರೆಯವರಿಗೆ ನಿಯಮ ವಿವರಿಸುತ್ತಿದ್ದ. ಶನಿವಾರ ನಾನು ದೇವಕಿಯ ಅನುಮತಿ ಪಡೆದು ಮತ್ತೊಂದು ಪಂಚೆ, ಈ ಸಲ ಹರಿದದ್ದು, ಕಿಟಕಿಗೆ ಕಟ್ಟಿದೆ. ಸಂಜೆ ಬಿಚ್ಚಿದಾಗ ಅದು ಕೊಳೆಯಾಗಿತ್ತು, ನಿಜ. ಆದರೆ ಪಂಚೆಯೆಂದು ಗುರುತು ಹಿಡಿಯಬಹುದಾಗಿತ್ತು. ಎರಡನ್ನೂ ಮಡಿಸಿ ವರದಿಯ ಜೊತೆಗಿಟ್ಟೆ. ಶಿರಸ್ತೇದಾರರು ಪಂಚೆಗಳಿಗೆ ಲಗತ್ತು ಸಂಖ್ಯೆ ಕೊಡಿ ಎಂದರು.

ವರದಿಯಲ್ಲಿ ನಾನು ಮೊದಲ ಬಾರಿಗೆ ‘ಇನ್ನೊಂದು ದೃಷ್ಟಿಯಿಂದ’ ಎಂದು ಬರೆಯಲಿಲ್ಲ. ವ್ಯವಸ್ಥೆ ಒಳ್ಳೆಯದು, ಮುಂದುವರಿಸಬೇಕು. ತಿರುವಿನಲ್ಲಿ ಯಾವ ಗಾಡಿಯೂ ನಿಲ್ಲತಕ್ಕದ್ದಲ್ಲ. ಮರ ಕಡಿಯುವ ಅಗತ್ಯವಿಲ್ಲ, ನಡುವಿನ ಪೇದೆ ದಿಬ್ಬದ ಕಲ್ಲಿನ ಮೇಲೆ ನಿಂತರೆ ಸಾಕು. ಗಾಡಿಗಳು ಕಾಯುವ ಬಯಲಿನಲ್ಲಿ ಹಣ್ಣು ಮಾರುವವರಿಗೆ ಒಂದು ಚಪ್ಪರ ಹಾಕಿಸಬೇಕು, ಏಕೆಂದರೆ ಅವರು ಈಗ ಕೂತಿರುವಲ್ಲಿ ಇನ್ನು ಬಸ್ಸು ನಿಲ್ಲುವುದಿಲ್ಲ. ಇಷ್ಟು ಬರೆದು ರುಜು ಹಾಕಿದೆ. ಕಲ್ಲು ಉಪಯೋಗಿಸಲು ಮುದ್ದಪ್ಪನವರು ಲಿಖಿತ ಒಪ್ಪಿಗೆ ಕೊಟ್ಟರು. ‘ಮರ ಇರುವ ತನಕ’ ಎಂದು ಅದರಲ್ಲಿ ಸೇರಿಸಿದ್ದರು.

ಮಳೆಗಾಲಕ್ಕೆ ಮುಂಚೆಯೇ ಮಂಜೂರಾತಿ ಬಂದದ್ದು ನನ್ನ ನೌಕರಿಯಲ್ಲಿ ನಾನು ಕಂಡ ಒಂದೇ ಪವಾಡ. ಚಪ್ಪರಕ್ಕೆ ಮಾತ್ರ ಮಂಜೂರಾಗಲಿಲ್ಲ. ಅದನ್ನು ಮೂವರು ಪೇದೆಗಳೂ ಒಬ್ಬ ಲಾರಿ ಚಾಲಕನೂ ಸೇರಿ ಒಂದು ಭಾನುವಾರ ಬಿದಿರು ತಂದು ಹಾಕಿದರು. ಮುಂದಿನ ಕಿತ್ತಳೆ ಕಾಲಕ್ಕೆ ಕದೀಜುಮ್ಮ ಅಲ್ಲಿ ಕೂತಳು. ಒಂದು ಹೊತ್ತಿಗೆ ಆರೇಳು ಗಾಡಿ ಸಾಲಾಗಿ ನಿಂತಿರುತ್ತಿದ್ದವು. ಅವಳು ಓಡಾಡಬೇಕಾಗಿರಲಿಲ್ಲ, ಜನರೇ ಇಳಿದು ಬರುತ್ತಿದ್ದರು. ಅವಳೂ ಅತ್ತ ಹೋದ ಮೇಲೆ ಅತ್ತೆ ಒಂದು ವಾರ ಖಾಲಿ ಕಿಟಕಿಯಲ್ಲಿ ಕೂತು, ರೊಯ್ಯನೆ ದಾಟಿಹೋಗುವ ಬಸ್ಸುಗಳನ್ನು ನೋಡಿ ಬೇಸರಪಟ್ಟರು. ಎಂಟನೆಯ ದಿನ ಸೆರಗು ಸರಿಮಾಡಿಕೊಂಡು, “ಬಯಲಿಗೆ ಹೋಗಿಬರ್ತೇನೆ” ಎಂದರು. ನಾನೂ ದೇವಕಿಯೂ ಮುಖಮುಖ ನೋಡಿಕೊಂಡೆವು. ಅವರು ಆ ಇಳಿಜಾರು ನಡೆದು ಎರಡು ವರ್ಷವಾಗಿತ್ತು. ಎರಡು ಕಡೆ ನಿಂತು, ಉಸಿರು ತೆಗೆದುಕೊಂಡು, ಹೋಗಿಯೇ ಬಿಟ್ಟರು. ಹತ್ತಿ ಬರಲು ಯಾವುದಾದರೂ ಬಸ್ಸಿನವರು ಆಸ್ಪತ್ರೆಯವರೆಗೆ ಕೂರಿಸಿಕೊಳ್ಳುತ್ತಿದ್ದರು, ಅಲ್ಲಿಂದ ಮನೆಗೆ ಇಳಿಜಾರು. ಆಮೇಲೆ ಅದೇ ಅವರ ದಿನಚರಿಯಾಯಿತು.

ಆ ಚಳಿಗಾಲದಲ್ಲೊಂದು ದಿನ ನಾನು ಕಚೇರಿಯ ಕೆಲಸಕ್ಕೆಂದು ಮಾದಾಪುರಕ್ಕೆ ಹೋಗಿ ಬಸ್ಸಿನಲ್ಲಿ ಹಿಂದಿರುಗುತ್ತಿದ್ದೆ. ಬಯಲಿನಲ್ಲಿ ಕೆಂಪು ಹಲಗೆ. ಬಸ್ಸು ನಿಂತಿತು. ಅತ್ತೆ ಚಪ್ಪರದಿಂದ ಎದ್ದು ಬಂದು ಮುಂದಿನ ಸೀಟಿನ ಹೆಂಗಸನ್ನು ಊರು, ಮನೆ, ಮಕ್ಕಳು ಎಂದು ವಿಚಾರಿಸತೊಡಗಿದರು. ನಾನು ಹಿಂದಿನ ಸೀಟಿನಲ್ಲಿದ್ದೆ, ಅವರಿಗೆ ಕಾಣಲಿಲ್ಲ. ಆ ಹೆಂಗಸು, “ಮೊದಲೆಲ್ಲ ಮೇಲೆ ಸಿಕ್ಕಿಬಿದ್ದು ಸಾಯ್ತಿದ್ವಿ. ಈ ಏರ್ಪಾಡು ಮಾಡಿದ್ದು ಯಾರಮ್ಮ?” ಎಂದು ಕೇಳಿದರು. ನಾನು ಕಿವಿ ನಿಮಿರಿಸಿದೆ.

“ನಮ್ಮ ಹವಾಲ್ದಾರ್ರು, ಮತ್ತೆ ಆ ಮೂರು ಪೊಲೀಸಿನವರು,” ಎಂದರು ಅತ್ತೆ. ಸ್ವಲ್ಪ ಯೋಚಿಸಿ ಸೇರಿಸಿದರು: “ನನ್ನ ಅಳಿಯ ಅದನ್ನ ಬರ್ದ್ರು. ಬರಿಯೋದಕ್ಕೂ ಒಬ್ರು ಬೇಕಲ್ಲ.”

ಹಲಗೆ ಹಸಿರಿಗೆ ತಿರುಗಿತು. ಬಸ್ಸು ಗುಡ್ಡ ಹತ್ತಿತು. ನಾನು ಚೀಲ ಹಿಡಿದು ಎದ್ದು ಬಾಗಿಲ ಬಳಿ ನಿಂತೆ. ನಮ್ಮ ಮನೆ ಬಂತು, ಜಗಲಿಯಲ್ಲಿ ದೇವಕಿ ಮೊರ ಹಿಡಿದು ನಿಂತದ್ದು ಕಾಣಿಸಿತು, ಮನೆ ಹಿಂದೆ ಹೋಯಿತು. ಇಳಿಸಿ ಎಂದು ಕಂಡಕ್ಟರಿಗೆ ಹೇಳಿದೆ. “ತಿರುವಿನಲ್ಲಿ ನಿಲ್ಸೋ ಹಾಗಿಲ್ಲ ಸ್ವಾಮಿ, ಆರ್ಡರ್ ಆಗಿದೆ” ಎಂದ. ಆ ವಾಕ್ಯ ಯಾರ ಬರವಣಿಗೆ ಎಂದು ನನಗೆ ಚೆನ್ನಾಗಿ ಗೊತ್ತಿತ್ತು. ಗುಡ್ಡದ ತುದಿಯಲ್ಲಿ ಇಳಿದು, ಬಂದ ದಾರಿಯಲ್ಲೇ ಕೆಳಗೆ ನಡೆಯಲು ಹೊರಟೆ. ಮೇಲಿನ ಪೇದೆ ಇಳಿಯುವ ಕಡೆಗೆ ಇನ್ನೂ ಕೆಂಪು ಹಲಗೆ ಹಿಡಿದಿದ್ದ. ನಾನು ನಿಂತೆ. ಅವನು ಮರ್ಯಾದೆಯಿಂದ ಹೇಳಿದ:

“ಸ್ವಾಮಿ, ಇದು ಗಾಡಿಗಳಿಗೆ. ನೀವು ಹೋಗ್ಬಹುದು.”